ಒಬ್ಬ ಜಟ್ಟಿಯ ಜಮಾ-ಖರ್ಚು

(ಸಂಘದ ಸಂಸ್ಥಾಪನಾ ದಿನದಂದು ಸ್ಟ್ರೀಟ್ಸ್‌ವಿಲ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದವರು ಡಾಕ್ಟರರನ್ನು ಭಾಷಣಕ್ಕೆ ಕರೆದರೆ ವಿಷಯ ಏನೆಂದು ಯಾರೂ ಕೇಳುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಈ ಮೂರರಲ್ಲಿ ಒಂದು ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಅರ್ಧ ಗಂಟೆ ಕೇಳಿ, ಆಮೇಲೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ನಮ್ಮನ್ನು ಕಂಡೊಡನೆ ಎಲೆಯನ್ನು ಸ್ವಲ್ಪ ಅತ್ತ ಸರಿಸುವುದು ನಡೆದು ಬಂದ ಪದ್ಧತಿ. ಈ ಸಲ ಬೇರೆ ಏನಾದರೂ ಮಾತಾಡುತ್ತೇವೆ ಎಂದು ಕಾರ್ಯದರ್ಶಿಗಳಲ್ಲಿ ಬೇಡಿಕೊಂಡೆವು. ಅವರು ಒಪ್ಪಿದರು. ವಿಷಯ ಕುಸ್ತಿ ಎಂದು ತಿಳಿದ ಮೇಲೆ ಅವರ ಮುಖ ಕೊಂಚ ಬದಲಾಯಿತು, ಆದರೆ ಅಷ್ಟರಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು.

ಇನ್ನೊಂದು ಅರಿಕೆ. ಮಾತಿನುದ್ದಕ್ಕೂ ‘ನಾವು’ ಎನ್ನುತ್ತೇವೆ. ಇದು ಮಠದ ಸ್ವಾಮಿಗಳ ‘ನಾವು’ ಅಲ್ಲ. ವೇದಿಕೆಯ ಮೇಲೆ ನಿಂತಿರುವುದು ಒಬ್ಬರಾದರೂ ಈ ಭಾಷಣವನ್ನು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಜಗಳವಾಡಿಯೇ ಸಿದ್ಧಪಡಿಸಿದ್ದು. ನಮ್ಮಲ್ಲಿ ಒಬ್ಬರು ಮೈಸೂರಿನವರು, ಇನ್ನೊಬ್ಬರು ಕುಂದಾಪುರದ ಕಡೆಯವರು. ಜಗಳದ ಕೆಲವು ಭಾಗ ಇನ್ನೂ ತೀರ್ಮಾನವಾಗಿಲ್ಲ. ಅದನ್ನೂ ತಮ್ಮ ಮುಂದಿಡುತ್ತೇವೆ.

ಇದೆಲ್ಲ ಶುರುವಾದದ್ದು ನಮ್ಮ ಮಗಳ ಶಾಲೆಯ ಒಂದು ಪ್ರಾಜೆಕ್ಟಿನಿಂದ. ‘ಆರ್ಡರ್ ಆಫ್ ಕೆನಡಾ’ ಗೌರವ ಪಡೆದ ಒಂಟಾರಿಯೋದ ಒಬ್ಬರನ್ನು ಆರಿಸಿಕೊಂಡು, ಅವರು ನಮಗೆ ಬಿಟ್ಟುಹೋದದ್ದೇನು ಎಂಬುದನ್ನು ಎರಡು ಪುಟ ಬರೆಯಬೇಕು. ಪಟ್ಟಿಯಲ್ಲಿ ವಿಜ್ಞಾನಿಗಳಿದ್ದರು, ಲೇಖಕರಿದ್ದರು, ನಮ್ಮ ವೃತ್ತಿಯ ದೊಡ್ಡ ಹೆಸರುಗಳಿದ್ದವು. ಅವಳು ಆರಿಸಿದ್ದು ‘ವಿಪ್ಪರ್’ ಬಿಲ್ಲಿ ವಾಟ್ಸನ್ ಎಂಬ ಜಟ್ಟಿಯನ್ನು. ಯಾಕೆ ಎಂದರೆ ಹೆಸರು ತಮಾಷೆಯಾಗಿದೆ ಎಂದಳು. ಚಾವಟಿ ಬಿಲ್ಲಿ! ನಾವೂ ನಕ್ಕೆವು. ಮೂರು ದಿನ ಅವಳು ಹಳೆಯ ಪತ್ರಿಕೆಗಳನ್ನೆಲ್ಲ ತಡಕಾಡಿದಳು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕೇಳಿದಳು: “ಅಪ್ಪ, ಈತನ ಎದುರು ಕುಸ್ತಿ ಆಡಿದವನ ಹೆಸರು ನಾಂಜೋ ಸಿಂಗ್ ಅಂತ ಇದೆ. ಇಂಡಿಯಾದವನಂತೆ. ಇಷ್ಟು ಸಾವಿರ ಜನ ಸೇರಿ ಬೂ ಅಂತ ಕೂಗುತ್ತಿದ್ದದ್ದು ನಮ್ಮಂಥವರಿಗಾ?”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದೇ ಇಂದಿನ ಮಾತು.

ಮೊದಲು ಆ ಮನುಷ್ಯನ ಪರಿಚಯ. ವಾಟ್ಸನ್ ಹುಟ್ಟಿದ್ದು 1915ರಲ್ಲಿ, ಈ ಟೊರಾಂಟೊದ ಈಸ್ಟ್ ಯಾರ್ಕ್‌ನಲ್ಲಿ. ಹೆತ್ತವರಿಟ್ಟ ಹೆಸರು ವಿಲಿಯಂ ಪಾಟ್ಸ್. 1936ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ನಾಲ್ಕು ವರ್ಷ ಪಳಗಿ, 1940ರಲ್ಲಿ ಹೊಸ ಹೆಸರಿನೊಡನೆ ಊರಿಗೆ ಮರಳಿದ. ಅಷ್ಟು ಹೊತ್ತಿಗೆ ಇಲ್ಲಿ ಅಖಾಡ ಸಿದ್ಧವಾಗಿತ್ತು. ಕಾರ್ಲ್ಟನ್ ಬೀದಿಯ ಮೇಪಲ್ ಲೀಫ್ ಗಾರ್ಡನ್ಸ್ 1931ರಲ್ಲಿ ಬಾಗಿಲು ತೆರೆದಿತ್ತು. ಹಾಕಿಗೆಂದು ಕಟ್ಟಿದ್ದಾದರೂ ಗುರುವಾರ ರಾತ್ರಿ ಕುಸ್ತಿ. 1939ರಿಂದ ಆ ಕುಸ್ತಿಯ ಪ್ರವರ್ತಕ ಫ್ರ್ಯಾಂಕ್ ಟನಿ. 1983ರಲ್ಲಿ ಸಾಯುವವರೆಗೂ, ನಲವತ್ತಕ್ಕೂ ಹೆಚ್ಚು ವರ್ಷ, ಈ ಊರಿನಲ್ಲಿ ಯಾರು ಯಾರ ಮೇಲೆ ಬೀಳಬೇಕು, ಯಾರು ಮೇಲೇಳಬೇಕು ಎಂಬುದು ಟನಿಯ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು. ಟನಿ ತೆರೆಯ ಹಿಂದೆ, ವಾಟ್ಸನ್ ದೀಪದ ಕೆಳಗೆ. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಲೆಕ್ಕ ಬರೆಯಲು ಬರುವುದಿಲ್ಲ.

ವಾಟ್ಸನ್ 1947ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದ. ಎರಡು ತಿಂಗಳಿಗೇ ಅದು ಲೂ ಥೆಜ್ ಎಂಬ ಮಹಾ ಜಟ್ಟಿಯ ಪಾಲಾಯಿತು. ಅದೇ ಥೆಜ್‌ನನ್ನು 1956ರ ಮಾರ್ಚಿಯಲ್ಲಿ ಟೊರಾಂಟೊದಲ್ಲೇ ಸೋಲಿಸಿ ಮತ್ತೆ ಪಟ್ಟಕ್ಕೇರಿದ. ಅಂದು ತೀರ್ಪುಗಾರನಾಗಿ ನಿಂತದ್ದು ಬಾಕ್ಸಿಂಗಿನ ಹಳೆಯ ಹುಲಿ ಜ್ಯಾಕ್ ಡೆಂಪ್ಸಿ. ಆ ನವೆಂಬರಿನಲ್ಲಿ ಪಟ್ಟ ಮತ್ತೆ ಥೆಜ್‌ನ ಕೈಗೆ. 1952ರಲ್ಲಿ ಟೊರಾಂಟೊಗೆ ಟೆಲಿವಿಷನ್ ಬಂದ ಮೇಲಂತೂ ವಾಟ್ಸನ್ ಮನೆಮನೆಯ ಅತಿಥಿ. 1959ರಲ್ಲಿ ‘ಗಾರ್ಜಿಯಸ್ ಜಾರ್ಜ್’ ಎಂಬ ಅಮೆರಿಕದ ಶೋಕಿಲಾಲ, ಗುಂಗುರು ಚಿನ್ನದ ಕೂದಲಿನವನು, ಸೋತವನ ತಲೆ ಬೋಳಿಸಬೇಕು ಎಂಬ ಪಣದ ಮೇಲೆ ವಾಟ್ಸನ್‌ನಿಗೆ ಸೋತು ಗಾರ್ಡನ್ಸಿನ ನಡುಮಧ್ಯೆ ಕೂದಲು ಕಳೆದುಕೊಂಡ. ನಮ್ಮ ಕ್ಲಿನಿಕ್ಕಿಗೆ ಬರುವ ಎಂಬತ್ತು ದಾಟಿದ ಮುದುಕರಿಗೆ ಬೆಳಿಗ್ಗೆ ಮಾತ್ರೆ ತೆಗೆದುಕೊಂಡೆವೋ ಇಲ್ಲವೋ ನೆನಪಿರುವುದಿಲ್ಲ. ಆ ಬೋಳಿಸಿದ ತಲೆ ಮಾತ್ರ ಚೆನ್ನಾಗಿ ನೆನಪಿದೆ.

ಇಷ್ಟು ಹೇಳಿದ ಕೂಡಲೇ ಸಭೆಯಲ್ಲಿ ಒಬ್ಬರಾದರೂ “ಅದೆಲ್ಲ ನಾಟಕ ಕಣ್ರೀ” ಎನ್ನುತ್ತೀರಿ. ಮೈಸೂರಿನ ನಮ್ಮ ತಾತನೂ ಹಾಗೇ ಅನ್ನುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಕೇಬಲ್ ಟಿವಿ ಬಂದು, ನಾವು ಹುಡುಗರೆಲ್ಲ ಅಮೆರಿಕದ ಕುಸ್ತಿಯ ಟ್ರಂಪ್ ಕಾರ್ಡ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಕಾಲ. ಎತ್ತರ, ತೂಕ, ಎದೆಯ ಅಳತೆ, ಎಷ್ಟು ಪಂದ್ಯ ಗೆದ್ದ ಎಂಬುದೆಲ್ಲ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ತಾತ ಟಿವಿ ಆರಿಸಿ, ದಸರೆಗೆ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. “ನೋಡು, ಇದು ನಿಜವಾದ ಕುಸ್ತಿ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಮೇಲೆ ಮಾತಿಲ್ಲ.” ಕೆಮ್ಮಣ್ಣು, ಅದಕ್ಕೆ ಬೆರೆಸಿದ ಎಣ್ಣೆ, ಮಜ್ಜಿಗೆ, ಅರಿಶಿನದ ವಾಸನೆ, ತೊಡೆ ತಟ್ಟಿದ ಸದ್ದು. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ಇನ್ನೂ ಖಚಿತ. ನೆತ್ತರು ಕಂಡರೆ ಮುಗಿಯಿತು, ಕೆಲವೊಮ್ಮೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಆದರೆ ಅದೇ ತಾತ ದಾರಾಸಿಂಗ್ ಹೆಸರೆತ್ತಿದರೆ ಮೆತ್ತಗಾಗುತ್ತಿದ್ದರು. “ಅವನೊಬ್ಬನದು ಮಾತ್ರ ನಿಜ!” 1968ರಲ್ಲಿ ಮುಂಬಯಿಯಲ್ಲಿ ದಾರಾಸಿಂಗ್ ಸೋಲಿಸಿದ್ದು ಯಾರನ್ನು ಗೊತ್ತೆ? ಇದೇ ಲೂ ಥೆಜ್‌ನನ್ನು, ಹನ್ನೆರಡು ವರ್ಷ ಹಿಂದೆ ನಮ್ಮ ವಾಟ್ಸನ್ ಸೋಲಿಸಿದ್ದವನನ್ನು. ಪಂಥ ಒಂದೇ, ಪದ್ಧತಿ ಒಂದೇ. ಟೊರಾಂಟೊದಲ್ಲಿ ನಡೆದರೆ ನಾಟಕ, ಮುಂಬಯಿಯಲ್ಲಿ ನಡೆದರೆ ನಿಜ ಎಂಬುದು ತಾತನ ನ್ಯಾಯ. ನಮ್ಮದೂ ಎಷ್ಟೋ ವರ್ಷ ಅದೇ ಆಗಿತ್ತು.

ಈ ‘ನಾಟಕ’ ಎಂಬ ಆಪಾದನೆಯನ್ನು ಕುಂದಾಪುರದವರು ಒಂದೇ ಮಾತಿನಲ್ಲಿ ಹೊಡೆದುಹಾಕಿದರು. ಯಕ್ಷಗಾನಕ್ಕೆ ಹೋಗಿ ಕುಳಿತವನಿಗೆ ರಾವಣ ಸಾಯುತ್ತಾನೆ ಎಂದು ಗೊತ್ತಿಲ್ಲವೆ? ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತಾನೆ. ಯಾರು ಗೆಲ್ಲುತ್ತಾರೆ ಎಂಬುದಕ್ಕಲ್ಲ, ಹೇಗೆ ಎಂಬುದಕ್ಕೆ. ಭಾಗವತರು ಎತ್ತಿದ ಪದ್ಯಕ್ಕೆ ವೇಷಧಾರಿ ಕುಣಿದ ಹಾಗೆ ಟನಿ ಹಾಕಿದ ತಾಳಕ್ಕೆ ಜಟ್ಟಿಗಳು ಕುಣಿದರು. ತಪ್ಪೇನು? ವ್ಯತ್ಯಾಸ ಒಂದೇ. ಮೇಳದವರು ಇದು ಆಟ ಎಂದೇ ಕರೆದು ಆಟ ಆಡುತ್ತಾರೆ. ಟನಿಯಂಥವರು ಇದು ನಿಜ ಎಂದು ಆಣೆಯಿಟ್ಟು ಟಿಕೆಟ್ ಮಾರಿದರು. ರೋಗಿಗೆ ಸಕ್ಕರೆ ಗುಳಿಗೆ ಕೊಟ್ಟು ಔಷಧ ಎನ್ನುವುದು ನಮ್ಮ ವೃತ್ತಿಯಲ್ಲಿ ಮೋಸ. ಅದಕ್ಕಾಗಿ ಟನಿಗೆ ಒಂದಿಷ್ಟು ಖರ್ಚು ಬರೆಯಬಹುದು, ಬಹಳವೇನಲ್ಲ. ನೋಡುವವರಲ್ಲಿ ಅರ್ಧ ಜನಕ್ಕೆ ಒಳಗುಟ್ಟು ಗೊತ್ತೇ ಇತ್ತು.

ಮತ್ತೆ, ಫಲಿತಾಂಶ ಮೊದಲೇ ನಿಶ್ಚಯವಾದ ಮಾತ್ರಕ್ಕೆ ಪೆಟ್ಟು ಸುಳ್ಳಾಗುವುದಿಲ್ಲ. ಹಲಗೆಯ ಮೇಲೆ ಬೆನ್ನು ಅಪ್ಪಳಿಸುವಂತೆ ವಾರಕ್ಕೆ ನಾಲ್ಕೈದು ರಾತ್ರಿ, ಮೂವತ್ತು ವರ್ಷ ಬಿದ್ದವನ ಬೆನ್ನುಮೂಳೆ, ಮಂಡಿ, ಕುತ್ತಿಗೆಯ ಎಕ್ಸ್‌ರೇ ಹೇಗಿರುತ್ತದೆಂದು ನಮಗೆ ಗೊತ್ತು. ವಾಟ್ಸನ್‌ನ ಹೆಸರಾಂತ ಪಟ್ಟು ‘ಕನಕ್ ಕಮಾಂಡೋ ಅನ್‌ಕಾನ್ಷಸ್’ ಎಂಬುದು. ಹಿಂದಿನಿಂದ ಕುತ್ತಿಗೆಗೆ ಕೈಸುತ್ತಿ ನಿದ್ದೆ ಬರಿಸುವ ಹಿಡಿತ. ಇದನ್ನು ನಿಜವಾಗಿ ಬಿಗಿದರೆ ಮಿದುಳಿಗೆ ಹೋಗುವ ಕುತ್ತಿಗೆಯ ರಕ್ತನಾಳಗಳು ಒತ್ತಿಹೋಗಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ವಯಸ್ಸಾಗಿ ರಕ್ತನಾಳ ಗಟ್ಟಿಯಾದವರಿಗೆ ಮಾಡಿದರೆ ಲಕ್ವ ಹೊಡೆಯಬಹುದು. ಎದುರಾಳಿಗೆ ಏನೂ ಆಗದಂತೆ, ಆದರೆ ಆದಂತೆ ತೋರುವ ಹಾಗೆ ಹಿಡಿಯುವುದೇ ಆ ಕಸುಬು. (ಮಕ್ಕಳೆ, ಮನೆಯಲ್ಲಿ ತಮ್ಮನ ಮೇಲೆ ಪ್ರಯೋಗ ಬೇಡ. ಇದೊಂದು ವಾಕ್ಯ ಆರೋಗ್ಯ ಭಾಷಣದ ಲೆಕ್ಕಕ್ಕೆ.)

ಹೀಗೆ ನಾಟಕದ ಆಪಾದನೆಯಿಂದ ವಾಟ್ಸನ್‌ನನ್ನು ಬಿಡಿಸಿಕೊಂಡೆವು ಎಂದು ಇಬ್ಬರೂ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮಗಳು ಮತ್ತೆ ಬಂದಳು. “ನಾನು ಕೇಳಿದ್ದು ಅದಲ್ಲ.”

ಹೌದು, ಅವಳು ಕೇಳಿದ್ದು ನಾಂಜೋ ಸಿಂಗನನ್ನು.

ಆ ಹೆಸರು ಕನ್ನಡ ಕಿವಿಗೆ ಹೇಗೆ ಕೇಳಿಸುತ್ತದೆ ನೋಡಿ. ನಂಜು! ಮೈಸೂರಿನವರಿಗೆ ನಂಜು ಎಂದರೆ ಅದನ್ನು ಕುಡಿದು ಅರಗಿಸಿಕೊಂಡ ನಂಜುಂಡೇಶ್ವರನೂ ನೆನಪಾಗುತ್ತಾನೆ. ಟೊರಾಂಟೊದ ಜನಕ್ಕೆ ಬರೀ ನಂಜಷ್ಟೇ ಕಂಡಿತು. 1940ರ ದಶಕದಲ್ಲಿ ವಾಟ್ಸನ್‌ನ ಎದುರು ಜನ ಅತ್ಯಂತ ದ್ವೇಷಿಸಿದ ಎದುರಾಳಿಗಳಲ್ಲಿ ಈತ ಒಬ್ಬ. ಈಸ್ಟ್ ಯಾರ್ಕ್‌ನ ಸಭ್ಯ ಹುಡುಗನ ಎದುರು ಎಲ್ಲಿಂದಲೋ ಬಂದ, ಮೋಸದ ಪಟ್ಟು ಹಾಕುವ ‘ಹಿಂದು’. ಸಿಖ್ಖನೋ ಮುಸಲ್ಮಾನನೋ ಯಾರೇ ಇರಲಿ, ಆ ಕಾಲದ ಕೆನಡಾದ ಬಾಯಲ್ಲಿ ನಮ್ಮವರೆಲ್ಲ ಹಿಂದುಗಳೇ. ಅದೇ ದಶಕದಲ್ಲಿ, 1947ರವರೆಗೆ, ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ್ದ ಭಾರತೀಯರಿಗೆ ಮತ ಹಾಕುವ ಹಕ್ಕಿರಲಿಲ್ಲ. ವಾಟ್ಸನ್ ಮೊದಲ ಸಲ ವಿಶ್ವ ಚಾಂಪಿಯನ್ ಆದ ವರ್ಷವೂ 1947. ಎರಡಕ್ಕೂ ಸಂಬಂಧವಿದೆ ಎನ್ನುತ್ತಿಲ್ಲ. ಆದರೆ ಟಿಕೆಟ್ ಕೊಂಡು ಒಳಗೆ ಬಂದವನ ತಲೆಯಲ್ಲಿ ಏನು ತುಂಬಿತ್ತು ಎಂಬುದು ಟನಿಯಂಥ ವ್ಯಾಪಾರಿಗೆ ಗೊತ್ತಿಲ್ಲದೆ ಇರಲಿಲ್ಲ. ಜನ ಮೊದಲೇ ಯಾರಿಗೆ ಹೆದರುತ್ತಾರೋ ಅವನನ್ನೇ ಖಳನಾಗಿಸಿದರೆ ಅರ್ಧ ಕೆಲಸ ಮುಗಿದಂತೆ. ಜರ್ಮನಿಯ ಹೆಸರು, ಜಪಾನಿನ ಹೆಸರು, ರಷ್ಯದ ಹೆಸರು, ಪತ್ರಿಕೆಯ ಮುಖಪುಟಕ್ಕೆ ತಕ್ಕ ಹಾಗೆ ಖಳರ ಊರು ಬದಲಾಗುತ್ತಿದ್ದುದು ಉತ್ತರ ಅಮೆರಿಕದ ಎಲ್ಲ ಅಖಾಡಗಳ ಪದ್ಧತಿ.

ಇಲ್ಲಿ ಯಕ್ಷಗಾನದ ಹೋಲಿಕೆ ಮುರಿದುಬಿತ್ತು. ಮುರಿದದ್ದು ಕುಂದಾಪುರದವರೇ. ಬಣ್ಣದ ವೇಷದವನು ಬೆಳಿಗ್ಗೆ ಚೌಕಿಗೆ ಹೋಗಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ, ಚಹಾ ಕುಡಿದು ಬಸ್ಸು ಹತ್ತುತ್ತಾನೆ, ಪಕ್ಕದಲ್ಲಿ ಕುಳಿತವನು ಅವನಿಗೆ ಹೆದರುವುದಿಲ್ಲ. ನಾಂಜೋ ಸಿಂಗನ ಮೈಬಣ್ಣ ಎಣ್ಣೆಗೆ ಹೋಗುವಂಥದಲ್ಲ. ಅದೇ ಬಣ್ಣದವರು ಇನ್ನೂ ಎಷ್ಟೋ ಜನ ಬಸ್ಸಿನಲ್ಲಿ ಕೂರಬೇಕಾಗಿತ್ತು.

ನಮ್ಮ ಕೈಯೂ ಅಷ್ಟೇನು ಶುದ್ಧವಲ್ಲ, ಅದನ್ನೂ ಒಪ್ಪಿಕೊಳ್ಳೋಣ. ಭಾರತದಲ್ಲಿ ದಾರಾಸಿಂಗ್‌ಗೆ ಎದುರಾಗಿ ನಿಲ್ಲಿಸಿದ್ದು ಯಾರನ್ನು? ಯೂರೋಪಿನಿಂದ ಬಂದ ಕಿಂಗ್‌ಕಾಂಗ್ ಎಂಬ ಭಾರಿ ದೇಹದವನನ್ನು. ಬಿಳಿಯ ದೈತ್ಯ ನಮ್ಮವನ ಕೈಯಲ್ಲಿ ಅಂಗಾತ ಬಿದ್ದಾಗ ತಾತನ ಪೀಳಿಗೆ ಸಂತೋಷದಿಂದ ಕುಣಿಯಿತು. ವ್ಯತ್ಯಾಸವೆಂದರೆ, ಆ ರಾತ್ರಿ ಮೈದಾನದಿಂದ ಹೊರಬಂದ ಜನಕ್ಕೆ ಹೊಡೆಯಲು ಬೀದಿಯಲ್ಲಿ ಬಿಳಿಯರು ಸಿಗುತ್ತಿರಲಿಲ್ಲ.

ಮುಂದಿನ ಪೀಳಿಗೆಗೆ ಬರೋಣ. 1969ರಿಂದ ಐದು ವರ್ಷ ಗಾರ್ಡನ್ಸ್ ಆಳಿದವನು ‘ಷೇಕ್’. ಅರಬ್ ಮರಳುಗಾಡಿನಿಂದ ಬಂದವನೆಂದು ಸಾರಿದ್ದು. ನಿಜದಲ್ಲಿ ಮಿಷಿಗನ್ನಿನ ಲ್ಯಾನ್ಸಿಂಗ್‌ನಲ್ಲಿ ಲೆಬನಾನ್ ಮೂಲದ ಮನೆಯಲ್ಲಿ ಹುಟ್ಟಿದ ಎಡ್ ಫರ್ಹಾತ್, ಅಮೆರಿಕದ ಸೈನ್ಯದಲ್ಲಿ ದುಡಿದವನು. ಡೆಟ್ರಾಯಿಟ್‌ನಲ್ಲಿ ತಾನೇ ಪ್ರವರ್ತಕ, ತಾನೇ ಜಟ್ಟಿ. ಆದ್ದರಿಂದ ಸೋಲಲು ಒಪ್ಪುತ್ತಿರಲಿಲ್ಲ. ಅನರ್ಹಗೊಂಡೋ ರಿಂಗಿನಿಂದ ಓಡಿಹೋಗಿಯೋ ಹೇಗೋ ಪಾರಾಗುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ನಮ್ಮ ಗಾದೆಗೆ ಇಷ್ಟು ದೊಡ್ಡ ಉದಾಹರಣೆ ಕನ್ನಡ ನಾಡಿನಲ್ಲೂ ಸಿಗಲಾರದು. ಆ ಕಾಲದ ಜಟ್ಟಿಗಳ ಹಣೆಯನ್ನು ನೋಡಿದರೆ ಉತ್ತ ಹೊಲದ ಹಾಗೆ ಗೆರೆಗಳು. ನೆತ್ತರು ತೋರಿಸಲು ಬ್ಲೇಡಿನ ಚೂರಿನಿಂದ ತಾವೇ ಕೊಯ್ದುಕೊಂಡದ್ದು. ಒಬ್ಬರ ರಕ್ತ ಇನ್ನೊಬ್ಬರ ಗಾಯಕ್ಕೆ ತಾಗಿ ಹೆಪಟೈಟಿಸ್ ಸಿ ಅಂಟಿದ ಪ್ರಕರಣವೊಂದು ಮುಂದೆ ಒಂಟಾರಿಯೋದ ನ್ಯಾಯಾಲಯದವರೆಗೂ ಹೋಗಿ, 2014ರಲ್ಲಿ ಪರಿಹಾರದ ತೀರ್ಪಾಯಿತು. ನಾಟಕವೆನ್ನುವವರು ಅದನ್ನೂ ಗಮನಿಸಬೇಕು.

ಆ ಷೇಕ್‌ನಿಗೆ ಎದುರಾಗಿ 1971ರಲ್ಲಿ ಗಾರ್ಡನ್ಸ್ ತುಂಬಿಸಿದವರು ಟೈಗರ್ ಜೀತ್ ಸಿಂಗ್. ಪಂಜಾಬಿನಲ್ಲಿ ಹುಟ್ಟಿ ಹದಿಹರೆಯದಲ್ಲಿ ಕೆನಡಾಕ್ಕೆ ಬಂದು, ಫ್ರೆಡ್ ಅಟ್ಕಿನ್ಸ್ ಎಂಬ ಕಠಿಣ ಗುರುವಿನ ಕೈಯಲ್ಲಿ ಪಳಗಿದವರು. ಮೊದಲು ಅವರೂ ಖಳರೇ. ಷೇಕ್ ಎದುರು ನಿಂತಾಗ ನಾಯಕರಾದರು.

ನಮ್ಮ ಸಂಘದ ಹಿರಿಯರೊಬ್ಬರು, ಹೆಸರು ಹೇಳಬಾರದೆಂದು ಆಣೆ ಹಾಕಿದ್ದಾರೆ, ಅಂದು ಅಲ್ಲಿದ್ದರು. ತುಮಕೂರಿನ ಕಡೆಯವರು. ತಿಳಿಸಾರಿನಲ್ಲಿ ಬೆಳೆದ ದೇಹ, ಇಂದಿಗೂ ಐವತ್ತೈದು ಕೆ.ಜಿ. ದಾಟಿಲ್ಲ. ಬಂದ ಹೊಸತು, ಒಂದು ಕಾರ್ಖಾನೆಯಲ್ಲಿ ಕೆಲಸ. ಅವರ ಮನೆಗೆ ಹೋಗಿ “ರಾಯರೆ, ಆವತ್ತಿನದು ಸ್ವಲ್ಪ ಹೇಳಿ” ಎಂದೆವು.

“ಏನು ಹೇಳೋದಪ್ಪ. ನನ್ನ ಜೊತೆ ಕೆಲಸ ಮಾಡೋ ಪೋರ್ಚುಗೀಸ್ ಹುಡುಗ ಎಳಕೊಂಡು ಹೋದ. ಅದುವರೆಗೆ ನಾನು ಈ ಊರಲ್ಲಿ ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ನಮ್ಮವನೊಬ್ಬ ರುಮಾಲು ಸುತ್ತಿಕೊಂಡು ರಿಂಗಿಗೆ ಬಂದ ನೋಡು, ಸುತ್ತ ಅಷ್ಟು ಸಾವಿರ ಜನ ಬಿಳಿಯರು ಟೈಗರ್ ಟೈಗರ್ ಅಂತ ಎದ್ದು ನಿಂತರು. ನನಗೆ ಏನಾಯ್ತೋ, ನಾನೂ ಬೆಂಚಿನ ಮೇಲೆ ನಿಂತುಬಿಟ್ಟೆ. ಎರಡು ದಿನ ಗಂಟಲು ಇರಲಿಲ್ಲ. ಸೋಮವಾರ ಕಾರ್ಖಾನೆಗೆ ಹೋದರೆ ಫೋರ್‌ಮನ್ ಬಂದು ಭುಜ ತಟ್ಟಿ ‘ಏನಯ್ಯ ಟೈಗರ್’ ಅಂದ. ನನ್ನನ್ನ! ಊರಿಗೆ ಕಾಗದ ಬರೆದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. “ನಾಲ್ಕು ವರ್ಷ ಆದ ಮೇಲೆ, ರಾತ್ರಿ ಪಾಳಿ ಮುಗಿಸಿ ಬರುವಾಗ ಬಸ್ ಸ್ಟಾಪಿನಲ್ಲಿ ಮೂರು ಹುಡುಗರು ಅದೇ ಟೈಗರ್ ಅಂತ ಕೂಗಿದರು. ತಿರುಗಿ ನಕ್ಕೆ. ಬಾಟಲಿ ಎಸೆದರು.” ಹುಬ್ಬಿನ ಮೇಲೆ ಒಂದು ಗುರುತಿದೆ. ಎಷ್ಟೋ ಸಲ ನೋಡಿದ್ದೆವು, ಕೇಳಿರಲಿಲ್ಲ.

ಆ ವರ್ಷಗಳು ಹಾಗೇ ಇದ್ದವು. ದಕ್ಷಿಣ ಏಷ್ಯದವರ ಮೇಲೆ ಬೀದಿಯಲ್ಲೂ ಸಬ್‌ವೇಯಲ್ಲೂ ಹಲ್ಲೆಗಳಾಗಿ, ಟೊರಾಂಟೊ ಮಹಾನಗರದ ಆಡಳಿತ ವಾಲ್ಟರ್ ಪಿಟ್ಮನ್ ಅವರಿಂದ ವರದಿ ಬರೆಸಬೇಕಾಯಿತು, 1977ರಲ್ಲಿ. ಕುಸ್ತಿಯಿಂದಲೇ ಬಾಟಲಿ ಹಾರಿತು ಎಂದರೆ ವೈದ್ಯರಾಗಿ ನಾವು ಒಪ್ಪುವುದಿಲ್ಲ. ಎರಡು ಲಕ್ಷಣ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಬರೆದರೆ ಪರೀಕ್ಷೆಯಲ್ಲಿ ಸೊನ್ನೆ. ಆದರೆ ಆ ಹುಡುಗರ ಬಾಯಿಗೆ ಸಿದ್ಧವಾದ ಒಂದು ಮಾತು ಸಿಕ್ಕಿದ್ದು ಎಲ್ಲಿಂದ ಎಂಬುದು ರಾಯರಿಗೂ ಗೊತ್ತು, ನಮಗೂ ಗೊತ್ತು.

ಇದು ಖರ್ಚಿನ ಪುಟ. ಇನ್ನು ಜಮೆಯ ಪುಟ.

ಒಂಟಾರಿಯೋದಲ್ಲಿ ಅಂಗವಿಕಲ ಮಕ್ಕಳಿಗಾಗಿ 1922ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಇಂದು ಅದನ್ನು ಈಸ್ಟರ್ ಸೀಲ್ಸ್ ಎಂದು ಕರೆಯುತ್ತೇವೆ. 1947ರಿಂದ ಪ್ರತಿ ವರ್ಷ ಒಂದು ಮಗುವನ್ನು ‘ಟಿಮ್ಮಿ’ ಎಂಬ ಹೆಸರಿನಿಂದ ಸಂಸ್ಥೆಯ ಪ್ರತಿನಿಧಿಯಾಗಿ ಆರಿಸುವ ಪದ್ಧತಿ. ಪೋಲಿಯೋ ಮನೆಮನೆ ಹೊಕ್ಕು ಮಕ್ಕಳನ್ನು ಮಲಗಿಸುತ್ತಿದ್ದ ಕಾಲ ಅದು. 1937ರ ಪಿಡುಗಿನಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮಕ್ಕಳನ್ನು ಕಬ್ಬಿಣದ ಶ್ವಾಸಯಂತ್ರದೊಳಗೆ ಮಲಗಿಸಿದರು. 1953ರ ಪಿಡುಗು ದೇಶವನ್ನೇ ನಡುಗಿಸಿತು. ಲಸಿಕೆ ಬಂದದ್ದು 1955ರಲ್ಲಿ. ಅದರ ತಯಾರಿಕೆಯಲ್ಲಿ ಟೊರಾಂಟೊದ ಕಾನಾಟ್ ಪ್ರಯೋಗಶಾಲೆಯ ಪಾಲು ದೊಡ್ಡದು. ನಾವು ಓದುವಾಗಲೂ ಮೈಸೂರಿನ ವಾರ್ಡಿನಲ್ಲಿ ಸಣ್ಣಗಾದ ಕಾಲುಗಳನ್ನು ನೋಡಿದ್ದೇವೆ. ಭಾರತದಲ್ಲಿ ವೈಲ್ಡ್ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರದು. ಆ ಕಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿ, ಊರುಗೋಲು, ವರ್ಷಗಟ್ಟಲೆ ವ್ಯಾಯಾಮ, ಇವುಗಳ ಖರ್ಚು ಏನೆಂಬುದು ಗೊತ್ತಿದ್ದವರಿಗೆ ವಾಟ್ಸನ್‌ನ ಕೆಲಸದ ಬೆಲೆ ಗೊತ್ತಾಗುತ್ತದೆ.

ದಶಕಗಳ ಕಾಲ ಆ ಮಕ್ಕಳಿಗಾಗಿ ಹಣ ಎತ್ತಿದವರಲ್ಲಿ ವಾಟ್ಸನ್ ಮುಂದು. ಮೆಚ್ಚುಗೆಗೆ ಒಂದು ದಿನ ಬಂದು ಫೋಟೋ ತೆಗೆಸಿಕೊಂಡು ಹೋದ ಗಿರಾಕಿಯಲ್ಲ. 1971ರ ನವೆಂಬರಿನಲ್ಲಿ ಕಾರಿನ ಹಿಂದೆ ಸಾಮಾನು ಇಡುತ್ತಿದ್ದಾಗ ಇನ್ನೊಂದು ಕಾರು ಬಂದು ಗುದ್ದಿತು. ಕಾಲು ಕತ್ತರಿಸಿಯೇ ಹೋಗುವ ಸ್ಥಿತಿ. ಶಸ್ತ್ರವೈದ್ಯರು ಉಳಿಸಿದರು, ಕುಸ್ತಿ ಮಾತ್ರ ಅಂದಿಗೆ ಮುಗಿಯಿತು. ಆಮೇಲೆ ಬಹುಪ್ರಸಿದ್ಧರು ಮಾಡುವಂತೆ ಮನೆಯಲ್ಲಿ ಕೂರಬಹುದಿತ್ತು. 1974ರಲ್ಲಿ ಆರ್ಡರ್ ಆಫ್ ಕೆನಡಾ. 1975ರಲ್ಲಿ ಸ್ನೋಮೊಬೈಲ್ ಸವಾರಿಯ ಮೂಲಕ ಈಸ್ಟರ್ ಸೀಲ್ಸ್‌ಗೆ ಹಣ ಕೂಡಿಸುವ ‘ಸ್ನೋರಾಮಾ’ ಆರಂಭವಾದಾಗ ಅದರ ಮುಂದೆ ನಿಂತವನು ಈ ಕುಂಟುಗಾಲಿನ ಜಟ್ಟಿಯೇ. ನಡುವೆ 1965ರಲ್ಲಿ ಫೆಡರಲ್ ಚುನಾವಣೆಗೂ ನಿಂತು ಸೋತ. ಆ ಸೋಲನ್ನು ಮಾತ್ರ ಟನಿ ಬರೆದಿರಲಿಲ್ಲ. 1990ರಲ್ಲಿ ತೀರಿಕೊಂಡ.

ನಮ್ಮ ರೋಗಿಯೊಬ್ಬರು, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಚಿಕ್ಕಂದಿನಲ್ಲಿ ಪೋಲಿಯೋ ಆದವರು. ಮಗಳ ಪ್ರಾಜೆಕ್ಟಿನ ಮಾತು ಬಂದಾಗ ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದರು. “ಇದಕ್ಕೆ ಕಟ್ಟಿದ ಮೊದಲ ಕಬ್ಬಿಣಕ್ಕೆ ವಿಪ್ಪರ್ ದುಡ್ಡು ಕೊಟ್ಟಿದ್ದು ಅಂತ ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಗುರುವಾರ ರಾತ್ರಿ ಅವನಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದಳು.” ಯಾರಿಂದ ಕಾಪಾಡು ಎಂದು ಪ್ರಾರ್ಥನೆ ಎಂದು ಕೇಳಿದೆವು. ಅವರು ಬಾಯಿ ತೆರೆದು, ನಮ್ಮ ಮುಖ ನೋಡಿ, ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ, “ಆಗ ನಾನು ಆರು ವರ್ಷದವನು ಡಾಕ್ಟರ್” ಎಂದರು.

ಈಗ ಲೆಕ್ಕ ಕೂಡಿಸಬೇಕು. ನಮ್ಮಲ್ಲಿ ಜಗಳ ಬಂದದ್ದು ಇಲ್ಲೇ. ಮೈಸೂರಿನವರ ವಾದ ಹೀಗೆ: ವಾಟ್ಸನ್‌ಗೆ ಮಕ್ಕಳ ಹಣ ಎತ್ತುವ ಶಕ್ತಿ ಬಂದದ್ದು ಹೆಸರಿನಿಂದ. ಹೆಸರು ಬಂದದ್ದು ಸಭ್ಯ ನಾಯಕನ ವೇಷದಿಂದ. ಆ ವೇಷ ನಿಲ್ಲಬೇಕಾದರೆ ಎದುರಿಗೊಬ್ಬ ನಂಜಿನ ಮನುಷ್ಯ ಬೇಕೇ ಬೇಕಿತ್ತು. ಒಂದೇ ಔಷಧದ ಗುಣವೂ ದುಷ್ಪರಿಣಾಮವೂ ಒಂದೇ ಗುಳಿಗೆಯಿಂದ ಬರುವ ಹಾಗೆ, ಈ ಕಬ್ಬಿಣದ ಪಟ್ಟಿಯೂ ಆ ಬಾಟಲಿಯೂ ಒಂದೇ ಗಲ್ಲಾಪೆಟ್ಟಿಗೆಯಿಂದ ಬಂದವು. ಆದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದಿಷ್ಟು ಎಂದು ಬರೆಯಲು ಬರುವುದಿಲ್ಲ. ಮಗುವಿನ ಕಾಲು ಒಬ್ಬರದು, ಹುಬ್ಬಿನ ಗಾಯ ಇನ್ನೊಬ್ಬರದು.

ಕುಂದಾಪುರದವರು ಇದನ್ನು ಅರ್ಧ ಮಾತ್ರ ಒಪ್ಪುತ್ತಾರೆ. ವೇಷ ಕಟ್ಟಿದವನಿಗೂ ಪ್ರಸಂಗ ಬರೆದವನಿಗೂ ಒಂದೇ ಶಿಕ್ಷೆ ಸರಿಯಲ್ಲ. ಖಳ ಯಾವ ದೇಶದವನಿರಬೇಕು ಎಂದು ನಿಶ್ಚಯಿಸಿದ್ದು ಟನಿ. ಅದರಿಂದ ಹೆಚ್ಚು ಲಾಭ ತೆಗೆದವನೂ ಟನಿ. ವಾಟ್ಸನ್ ತನಗೆ ಬಂದ ಪಾತ್ರ ಮಾಡಿ, ಬಂದ ಹೆಸರನ್ನು ಬಿಕರಿಗಿಡದೆ ಮಕ್ಕಳಿಗೆ ಸುರಿದ. ಆದ್ದರಿಂದ ಪ್ರವರ್ತಕನಿಗೆ ಬೇರೆ ಪುಸ್ತಕ, ಜಟ್ಟಿಗೆ ಬೇರೆ ಪುಸ್ತಕ. ಇದು ಸರಿ ಎಂದು ಮೈಸೂರಿಗೂ ಈಗ ತೋರುತ್ತಿದೆ. ಆದರೆ ಊರಿಗೇ ದೊಡ್ಡವನಾಗಿದ್ದ ವಾಟ್ಸನ್ ಒಂದು ಸಲ ಬೇಡ ಎಂದಿದ್ದರೆ ಟನಿ ಕೇಳದೆ ಇರುತ್ತಿದ್ದನೆ ಎಂಬ ಮಾತಿಗೆ ಕುಂದಾಪುರದವರಿಂದ ಇನ್ನೂ ಉತ್ತರ ಬಂದಿಲ್ಲ.

ಒಂದು ವಿಷಯದಲ್ಲಿ ಇಬ್ಬರೂ ಒಂದೇ. ಕುಸ್ತಿಯ ಈ ಮನೆತನದಲ್ಲಿ ನಾವು ಮೊದಲು ಕಂಡದ್ದು ಫ್ರ್ಯಾಂಕನ ಅಣ್ಣತಮ್ಮಂದಿರ ಮಗ ಜ್ಯಾಕ್ ಟನಿಯನ್ನು, ಮೈಸೂರಿನ ಕಪ್ಪುಬಿಳುಪು ಟಿವಿಯಲ್ಲಿ. ಅಮೆರಿಕದ ಆ ದೊಡ್ಡ ಕಂಪನಿಯ ‘ಅಧ್ಯಕ್ಷ’ ಎಂದು 1995ರವರೆಗೆ ಸೂಟು ಹಾಕಿ ಗಂಭೀರವಾಗಿ ತೀರ್ಪು ಕೊಡುತ್ತಿದ್ದವರು. ಅದೂ ವೇಷವೇ, ಅಧಿಕಾರವೆಲ್ಲ ಬೇರೆಯವರದು. ನಾವು ಹುಡುಗರು ಆತನನ್ನು ರಾಷ್ಟ್ರಪತಿಯಷ್ಟು ನಂಬಿದ್ದೆವು. ಇಪ್ಪತ್ತು ವರ್ಷದ ಮೇಲೆ ಆತನ ಊರಿನಲ್ಲೇ ಬಂದು ನೆಲೆಸುತ್ತೇವೆ ಎಂದು ಯಾರಿಗೆ ಗೊತ್ತಿತ್ತು!

ಟೈಗರ್ ಜೀತ್ ಸಿಂಗ್ ಮುಂದೆ ಜಪಾನಿಗೆ ಹೋಗಿ ಅಲ್ಲಿ 1973ರಿಂದ ಮತ್ತೆ ಖಳರಾದರು, ಕತ್ತಿ ಕಚ್ಚಿಕೊಂಡು ಆಂಟೋನಿಯೋ ಇನೋಕಿಯ ಮೇಲೆ ಬಿದ್ದು ದೇಶಕ್ಕೆಲ್ಲ ಪರಿಚಿತರಾದರು. ಊರಿಗೆ ಮರಳಿ ಇಲ್ಲೇ ಪಕ್ಕದ ಮಿಲ್ಟನ್‌ನಲ್ಲಿ ಮಕ್ಕಳಿಗಾಗಿ ದಾನಧರ್ಮಕ್ಕೆ ನಿಂತರು. 2010ರಲ್ಲಿ ಅಲ್ಲಿನ ಒಂದು ಸರ್ಕಾರಿ ಶಾಲೆಗೆ ಅವರ ಹೆಸರಿಟ್ಟರು. ಹೊಡೆದಾಡುವವನ ಹೆಸರು ಶಾಲೆಗೇಕೆ ಎಂದು ಆಕ್ಷೇಪಿಸಿದವರೂ ಇದ್ದರು. ಡೆರಿ ರಸ್ತೆಯಲ್ಲಿ ಪಶ್ಚಿಮಕ್ಕೆ ಕಾರು ಓಡಿಸಿದರೆ ನಮ್ಮ ಸ್ಟ್ರೀಟ್ಸ್‌ವಿಲ್‌ನಿಂದ ದೂರವೇನಿಲ್ಲ. ನಾಂಜೋ ಸಿಂಗನ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ.

ಮಗಳು ಎರಡು ಪುಟ ಬರೆದಳು. ಮೊದಲ ಪುಟ ಪೂರ್ತಿ ವಾಟ್ಸನ್. ಎರಡನೆಯ ಪುಟದ ಕೆಳಗೆ ನಾಲ್ಕು ಸಾಲು ನಾಂಜೋ ಸಿಂಗ್, ಆತನನ್ನು ಬೈದವರು ಆತನ ಊರಿನ ಹೆಸರನ್ನೂ ಕೇಳಿರಲಾರರು ಎಂದು. ತೆಗೆಯಲೆ ಎಂದು ನಮ್ಮನ್ನು ಕೇಳಿದಳು. ಬೇಡ, ಇರಲಿ ಎಂದೆವು.

ಹೋದ ತಿಂಗಳು ರಾಯರನ್ನೂ ಮಗಳನ್ನೂ ಕರೆದುಕೊಂಡು ಕಾರ್ಲ್ಟನ್ ಬೀದಿಗೆ ಹೋಗಿದ್ದೆವು. ಹಾಕಿ ತಂಡ 1999ರಲ್ಲೇ ಗಾರ್ಡನ್ಸ್ ಬಿಟ್ಟುಹೋಯಿತು. 2011ರಿಂದ ಅದರ ಕೆಳಗೆ ಲಾಬ್ಲಾಸ್ ಅಂಗಡಿ, 2012ರಿಂದ ಮೇಲೆ ವಿಶ್ವವಿದ್ಯಾಲಯದ ಕ್ರೀಡಾಂಗಣ. ಹಾಕಿಯ ನಡುಬಿಂದು ಇದ್ದ ಜಾಗದಲ್ಲಿ, ಡಬ್ಬಗಳ ಸಾಲಿನ ಮಧ್ಯೆ, ನೆಲದ ಮೇಲೆ ಒಂದು ಕೆಂಪು ಬೊಟ್ಟು ಇಟ್ಟಿದ್ದಾರೆ. ರಿಂಗ್ ಹಾಕುತ್ತಿದ್ದದ್ದೂ ಅಲ್ಲೇ ಸುಮಾರಿಗೆ. ರಾಯರು ಒಂದು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಆ ಬೊಟ್ಟಿನ ಮೇಲೆ ನಿಂತು, ತಲೆಯೆತ್ತಿ ಬಹಳ ಹೊತ್ತು ಚಾವಣಿಯನ್ನೇ ನೋಡಿದರು. ಆಮೇಲೆ ಮಗಳಿಗೆ ಬೆರಳು ತೋರಿಸಿ ಹೇಳಿದರು: “ನಾನು ನಿಂತಿದ್ದು ಅಗೋ ಅಲ್ಲಿ, ಮೇಲೆ. ಆ ಕಡೆ ಮೂಲೆಯಲ್ಲಿ.”